ಇಬೋರಿ ತಿಂದದ್ದು ಯಾರ ದುಡ್ಡು?

ನೈಜೀರಿಯಾದ ಡೆಲ್ಟಾ ರಾಜ್ಯದ ಮಾಜಿ ಗವರ್ನರ್ ಜೇಮ್ಸ್ ಇಬೋರಿ ಮೇಲೆ ದುಡ್ಡು ತಿಂದ 170 ಆರೋಪ ಇತ್ತು. 2009 ಡಿಸೆಂಬರ್ 17ರಂದು ನೈಜೀರಿಯಾದ ಅಸಾಬಾ ಊರಲ್ಲಿ ಫೆಡರಲ್ ಹೈಕೋರ್ಟ್ ಜಡ್ಜ್ ಒಬ್ಬರು ಆ 170ನ್ನೂ ಒಂದೇ ಸಲಕ್ಕೆ ವಜಾ ಮಾಡಿ, ಹೋಗಪ್ಪ ಮನೆಗೆ ಅಂದ್ರು. ಎರಡು ವರ್ಷ ಚಿಲ್ಲರೆ ಆದ್ಮೇಲೆ, 2012 ಫೆಬ್ರವರಿ 27ಕ್ಕೆ, ಲಂಡನ್ನಿನ ಸದರ್ಕ್ ಕ್ರೌನ್ ಕೋರ್ಟಲ್ಲಿ ಅದೇ ಮನುಷ್ಯ ಎದ್ದು ನಿಂತು ಹತ್ತು ಆರೋಪಕ್ಕೆ ಹೌದು ಸ್ವಾಮಿ ಮಾಡಿದೀನಿ ಅಂತ ಒಪ್ಕೊಂಡ. ಮನುಷ್ಯ ಅವನೇ, ದುಡ್ಡು ಅದೇ, ಕಾಲಾನೂ ಅದೇ, ಅವನು ಗವರ್ನರ್ ಆಗಿದ್ದ ಎಂಟು ವರ್ಷ. ಊರಲ್ಲಿ ಸೊನ್ನೆ, ಲಂಡನ್ನಲ್ಲಿ ಹತ್ತು.

ಪಶ್ಚಿಮ ಆಫ್ರಿಕಾದ ರಾಜಕೀಯ ಓದೋ ಹುಚ್ಚು ನನಗೆ ಒಂದಷ್ಟು ದಿನದಿಂದ ಇದೆ, ಅದರಲ್ಲೂ ದೆಹಲಿ ಮಟ್ಟದ್ದು ಅಂತೀವಲ್ಲ ಆ ಥರ ಅಬುಜಾ ಮಟ್ಟದ ದೊಡ್ಡವರಿಗಿಂತ ರಾಜ್ಯ ಮಟ್ಟದವರ ಕತೆನೇ ಜಾಸ್ತಿ ಇಷ್ಟ. ನೈಜೀರಿಯಾದಲ್ಲಿ 36 ರಾಜ್ಯ ಇವೆ, ಒಂದೊಂದಕ್ಕೂ ಜನ ನೇರ ಓಟು ಹಾಕಿ ಆರಿಸೋ ಗವರ್ನರ್. ನಮ್ಮಲ್ಲಿ ರಾಜಭವನದಲ್ಲಿ ಕೂರೋ ರಾಜ್ಯಪಾಲರ ಥರ ಅಂದ್ಕೋಬೇಡಿ. ಅಲ್ಲಿನ ಗವರ್ನರ್ ಅಂದ್ರೆ ಸಿಎಂ, ಖಜಾನೆ, ಪಾರ್ಟಿ ಹೈಕಮಾಂಡ್ ಎಲ್ಲ ಒಬ್ಬನೇ. ಮೇಲಿಂದ ಸಂವಿಧಾನದ 308ನೇ ಕಲಂ ಪ್ರಕಾರ ಕುರ್ಚಿಯಲ್ಲಿ ಇರೋವರೆಗೂ ಯಾವ ಕ್ರಿಮಿನಲ್ ಕೇಸೂ ನಡೆಸೋ ಹಾಗಿಲ್ಲ. 'ಸೆಕ್ಯುರಿಟಿ ವೋಟ್' ಅಂತ ಇನ್ನೊಂದು ಇದೆ, ಭದ್ರತೆ ಹೆಸರಲ್ಲಿ ಗವರ್ನರ್ ಕೈಗೆ ಬರೋ ದುಡ್ಡು, ಅದಕ್ಕೆ ಲೆಕ್ಕ ಕೇಳೋರು ಬಹುತೇಕ ಯಾರೂ ಇಲ್ಲ. ಇಷ್ಟು ಸವಲತ್ತು ಕೊಟ್ಟು ಕೂರಿಸಿದ್ರೆ ಸನ್ಯಾಸಿಗೂ ಒಂದ್ಸಲ ಕೈ ಕಡಿಯತ್ತೆ, ಇಬೋರಿ ಅಂತೂ ಸನ್ಯಾಸಿ ಆಗಿರಲಿಲ್ಲ.

ಅವನ ರಾಜ್ಯ ಡೆಲ್ಟಾ. ನೈಜರ್ ನದಿ ಸಮುದ್ರ ಸೇರೋ ಕಡೆ, ಪಶ್ಚಿಮದ ದಂಡೆ. 1991ರಲ್ಲಿ ಮಿಲಿಟರಿ ಸರ್ವಾಧಿಕಾರಿ ಬಾಬಂಗಿಡಾ ಹಳೇ ಬೆಂಡೆಲ್ ರಾಜ್ಯ ಒಡೆದು ಮಾಡಿದ್ದು. ರಾಜಧಾನಿ ವಾರಿ ಆಗತ್ತೆ ಅಂತ ವಾರಿ ಕಡೆ ಜನ ಕಾಯ್ತಿದ್ರೆ ಅದು ಹೋಗಿದ್ದು ಅಸಾಬಾಕ್ಕೆ, ಅಸಾಬಾ ಬಾಬಂಗಿಡಾ ಹೆಂಡತಿಯ ತವರೂರು ಅನ್ನೋದನ್ನ ಅಲ್ಲಿ ಯಾರೂ ಇವತ್ತಿಗೂ ಮರೆತಿಲ್ಲ. ಫೊರ್ಕಾಡೋಸ್, ಎಸ್ಕ್ರಾವೋಸ್ ಅನ್ನೋ ದೊಡ್ಡ ತೈಲ ಟರ್ಮಿನಲ್ಲುಗಳು ಈ ರಾಜ್ಯದ ತೀರದಲ್ಲೇ ಇವೆ, ವಾರಿಯಲ್ಲಿ ರಿಫೈನರಿ. ನೆಲದ ಕೆಳಗೆ ಎಣ್ಣೆ, ನೆಲದ ಮೇಲೆ ಹಗಲೂ ರಾತ್ರಿ ಉರಿಯೋ ಗ್ಯಾಸ್, ನೀರಲ್ಲಿ ಎಣ್ಣೆ ಪದರ, ಮೀನಿಲ್ಲ.

ಇಬೋರಿ ಹುಟ್ಟೂರು ಒಘಾರ, ಎಥಿಯೋಪ್ ನದಿ ಹತ್ರ, ಉರ್ಹೋಬೊ ಜನರ ಊರು. ಅದೇ ಎಥಿಯೋಪ್ ವೆಸ್ಟ್ ತಾಲೂಕಲ್ಲಿ (ಅಲ್ಲಿ ಲೋಕಲ್ ಗವರ್ನಮೆಂಟ್ ಏರಿಯಾ ಅಂತಾರೆ) ಜೆಸ್ಸೆ ಅಂತ ಇನ್ನೊಂದು ಊರಿದೆ. 1998ರ ಅಕ್ಟೋಬರಲ್ಲಿ ಅಲ್ಲಿ ಪೆಟ್ರೋಲ್ ಪೈಪ್‌ಲೈನ್ ಸೋರಿ, ಜನ ಬಕೆಟ್ಟು ಕ್ಯಾನು ಹಿಡ್ಕೊಂಡು ತುಂಬಿಸ್ಕೊಳ್ಳೋಕೆ ಹೋದಾಗ ಬೆಂಕಿ ಹತ್ತಿ ಸಾವಿರ ಜನಕ್ಕೂ ಹೆಚ್ಚು ಸತ್ರು. ಇದಾಗಿ ಏಳೇ ತಿಂಗಳಿಗೆ ಇಬೋರಿ ಗವರ್ನರ್ ಆದ. ಈ ಕತೆ ಓದುವಾಗ ಜೆಸ್ಸೆ ತಲೇಲಿರಲಿ. ತಮ್ಮ ಊರಿನ ಮೂಲಕ ಹಾದು ಹೋಗೋ ಎಣ್ಣೇಲಿ ಒಂದು ಬಕೆಟ್ಟಿಗೆ ಪ್ರಾಣ ಕೊಟ್ಟ ಜನ ಅವರು.

ಅದಕ್ಕೆ ಮುಂಚೆ ಇವನು ಏನಾಗಿದ್ದ? ನೈಜೀರಿಯಾದ್ದೇ ಬೆನಿನ್ ಯೂನಿವರ್ಸಿಟಿಯಲ್ಲಿ ಓದಿ ಎಂಬತ್ತರ ದಶಕದಲ್ಲಿ ಲಂಡನ್ನಿಗೆ ಹೋದ. ವಿಕ್ಸ್ ಅಂತ ಬ್ರಿಟನ್ನಲ್ಲಿ ಮನೆ ರಿಪೇರಿ ಸಾಮಾನು ಮಾರೋ ಅಂಗಡಿಗಳಿವೆ, ಮೊಳೆ ಪೇಂಟು ಹಲಗೆ ಎಲ್ಲ ಸಿಗೋ ಜಾಗ, ಅದರ ರೂಯ್ಸ್ಲಿಪ್ ಬ್ರಾಂಚಲ್ಲಿ ಕ್ಯಾಷಿಯರ್. ಅಲ್ಲಿ ಸಾಮಾನು ಕದ್ದ ಕೇಸಲ್ಲಿ 1991ರಲ್ಲಿ ತಪ್ಪೊಪ್ಪಿಗೆ, 300 ಪೌಂಡ್ ದಂಡ. ಮಾರನೇ ವರ್ಷ ಕದ್ದ ಕ್ರೆಡಿಟ್ ಕಾರ್ಡ್ ಇಟ್ಕೊಂಡಿದ್ದಕ್ಕೆ 100 ಪೌಂಡ್ ದಂಡ. ನೈಜೀರಿಯಾದಲ್ಲಿ ಇಂಥ ಶಿಕ್ಷೆ ಆದವನು ಗವರ್ನರ್ ಚುನಾವಣೆಗೆ ನಿಲ್ಲೋ ಹಾಗಿಲ್ಲ, ಹಾಗಾಗಿ ಹುಟ್ಟಿದ ತಾರೀಕನ್ನೇ ಬದಲಾಯಿಸಿ ಹಳೇದನ್ನ ಮುಚ್ಚಿಟ್ಟ ಅಂತ ಮುಂದೆ ಲಂಡನ್ ಪ್ರಾಸಿಕ್ಯೂಷನ್ ಕೋರ್ಟಲ್ಲಿ ಬಿಡಿಸಿ ಹೇಳಿತು. ಒಂದು ಡೇಟ್ ಆಫ್ ಬರ್ತ್ ತಿದ್ದುಪಡಿ, ಅಷ್ಟೇ ಬೇಕಾಗಿದ್ದು.

ವಾಪಸ್ ಬಂದು ಮಿಲಿಟರಿ ಸರ್ವಾಧಿಕಾರಿ ಅಬಾಚಾ ಕಾಲದಲ್ಲಿ ಅಬುಜಾ ಕಡೆ ಓಡಾಡ್ಕೊಂಡು, ಮಿಲಿಟರಿ ಆಡಳಿತ ಮುಗಿಯೋ ಹೊತ್ತಿಗೆ ಪಿಡಿಪಿ ಪಾರ್ಟಿ ಸೇರಿ, 1999 ಮೇ 29ಕ್ಕೆ ಡೆಲ್ಟಾ ಗವರ್ನರ್. 2003ರಲ್ಲಿ ಮತ್ತೆ ಗೆದ್ದ. ಎರಡನೇ ಅವಧಿ ಹೊತ್ತಿಗೆ 1995ರ ಒಂದು ಹಳೇ ತೀರ್ಪು ಕೂಡ ಎದ್ದು ಬಂತು, ಅಬುಜಾ ಹತ್ರ ಬ್ವಾರಿ ಅನ್ನೋ ಊರಿನ ಕೆಳ ಕೋರ್ಟಲ್ಲಿ 'ಜೇಮ್ಸ್ ಒನಾನೆಫೆ ಇಬೋರಿ' ಅನ್ನೋನಿಗೆ ಶಿಕ್ಷೆ ಆಗಿದೆ ಅಂತ. ಅವನು ನಾನಲ್ಲ, ಬೇರೆ ಯಾರೋ ಅಂತ ಇವನು ವಾದಿಸಿದ, ಕೇಸು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿ ಇಳೀತು, ಅವನೇ ಇವನು ಅಂತ ಸಾಬೀತಾಗಲಿಲ್ಲ ಅಂತ ಕೊನೆಗೆ ಬಚಾವಾದ. ಇಡೀ ರಾಜ್ಯ ವರ್ಷಗಟ್ಟಲೆ ನಮ್ಮ ಗವರ್ನರ್ ಅವನೋ ಇವನೋ ಅಂತ ಕೋರ್ಟಿನ ಕಡೆ ನೋಡ್ಕೊಂಡು ಕೂತಿತ್ತು ಅನ್ನೋದೇ ಒಂದು ಕಾಮಿಡಿ.

ಈಗ ಮುಖ್ಯ ವಿಷಯ. ಇಬೋರಿನ ಬರೀ ಕಳ್ಳ ಅಂತ ಬರೆದು ಬಿಟ್ಟರೆ ಸುಲಭ, ತುಂಬಾ ಜನ ಹಾಗೇ ಬರೀತಾರೆ, ಆದರೆ ಅವನ ರಾಜಕೀಯದ ಅರ್ಧ ಭಾಗ ಅಲ್ಲಿ ಕಾಣೋದೇ ಇಲ್ಲ. ಇವನು 'ರಿಸೋರ್ಸ್ ಕಂಟ್ರೋಲ್' ಅನ್ನೋ ಚಳವಳಿಯ ದೊಡ್ಡ ದನಿ. ಅಂದ್ರೆ, ಎಣ್ಣೆ ನಮ್ಮ ನೆಲದ್ದು, ಅದರ ದುಡ್ಡಿನ ಹಿಡಿತ ನಮ್ಮ ಕೈಗೆ ಕೊಡಿ ಅಂತ. ಬೇಡಿಕೆ ಅನ್ಯಾಯದ್ದೇನೂ ಅಲ್ಲ ನೋಡಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಖನಿಜ ಎಲ್ಲಿ ಸಿಗತ್ತೋ ಆ ಪ್ರಾಂತ್ಯಕ್ಕೆ ಆದಾಯದ 50% ಅಂತ ಸಂವಿಧಾನದಲ್ಲೇ ಇತ್ತು, ಆಗ ದೊಡ್ಡ ಆದಾಯ ಅಂದ್ರೆ ಎಣ್ಣೆ ಅಲ್ಲ, ಉತ್ತರದ ಕಡಲೆಕಾಯಿ, ಪಶ್ಚಿಮದ ಕೋಕೋ. ಎಣ್ಣೆ ದುಡ್ಡು ಹರಿಯೋಕೆ ಶುರುವಾದ ಮೇಲೆ ಮಿಲಿಟರಿಯವರು ಅದನ್ನ ಇಳಿಸ್ತಾ ಇಳಿಸ್ತಾ ಒಂದೂವರೆ ಪರ್ಸೆಂಟಿಗೆ ತಂದು ನಿಲ್ಲಿಸಿ, ಆಮೇಲೆ ದೊಡ್ಡ ಮನಸ್ಸು ಮಾಡಿ ಮೂರು ಮಾಡಿದ್ರು. 1999ರ ಸಂವಿಧಾನ ಕನಿಷ್ಠ 13% ಅಂತ ಬರೀತು. ಆಗ ಕೇಂದ್ರ ಹೊಸ ತಗಾದೆ ತೆಗೀತು, ಸಮುದ್ರದೊಳಗೆ ಸಿಗೋ ಎಣ್ಣೆ ನಿಮ್ಮ ರಾಜ್ಯದ್ದಲ್ಲ, ಅದಕ್ಕೆ 13% ಕೊಡಲ್ಲ ಅಂತ. 2002ರಲ್ಲಿ ಸುಪ್ರೀಂ ಕೋರ್ಟ್ ಕೇಂದ್ರದ ಪರ ಹೇಳಿತು, ತೀರದ ರಾಜ್ಯಗಳ ಗವರ್ನರುಗಳು ಎದ್ದು ನಿಂತು ಕೂಗಾಡಿ, ಒತ್ತಡ ಹಾಕಿ, 2004ರಲ್ಲಿ ಕಾನೂನು ಮಾಡಿಸಿ ತೀರದಾಚೆಯ ಎಣ್ಣೆಗೂ ಪಾಲು ತಗೊಂಡ್ರು. ಆ ಗಲಾಟೆಯಲ್ಲಿ ಮುಂದಿನ ಸಾಲಲ್ಲಿ ನಿಂತವನು ಇಬೋರಿ. ಅಧ್ಯಕ್ಷ ಒಬಸಾಂಜೊ ಅವನದೇ ಪಾರ್ಟಿ, ಆದ್ರೂ ಎದುರು ಹಾಕ್ಕೊಂಡ. ಇದಕ್ಕೆ ಊರ ಜನ ಅವನನ್ನ ತಲೆ ಮೇಲೆ ಹೊತ್ಕೊಂಡ್ರು, ಹೊತ್ಕೊಂಡಿದ್ದು ಸುಮ್ಮನೆ ಅಲ್ಲ.

ಸರಿ, 13% ಬಂತು. ಬಂದಿದ್ದು ಎಲ್ಲಿಗೆ? ರಾಜ್ಯದ ಖಜಾನೆಗೆ, ಅಂದ್ರೆ ಇಬೋರಿ ಕೈಗೆ. ನನಗೆ ಹೊಟ್ಟೆ ಉರಿಯೋದು ಇಲ್ಲೇ. ಕದ್ದಿದ್ದಕ್ಕಿಂತ, ಯಾವ ದುಡ್ಡು ನಮ್ಮ ಜನಕ್ಕೆ ಬೇಕೇ ಬೇಕು ಅಂತ ಗಂಟಲು ಹರ್ಕೊಂಡು ಜಗಳ ಆಡಿ ತಂದನೋ ಅದೇ ದುಡ್ಡನ್ನ ಕದ್ದ ಅನ್ನೋದು. ಆ ಜಗಳ ಸುಳ್ಳು ಆಗಿರಲಿಲ್ಲ, ಕಳ್ಳತನಾನೂ ಸುಳ್ಳಲ್ಲ, ಎರಡನ್ನೂ ಮಾಡಿದ್ದು ಒಬ್ಬನೇ.

ಅದೇ ಸಮಯದಲ್ಲಿ ವಾರಿ ಸುತ್ತ ಇಜಾ, ಇಟ್ಸೆಕಿರಿ, ಉರ್ಹೋಬೊ ಮೂರೂ ಪಂಗಡದವರು ಹೊಡೆದಾಡ್ತಿದ್ರು. ಒಂದು ತಾಲೂಕಿನ ಹೆಡ್‌ಕ್ವಾರ್ಟರ್ಸ್ ಯಾವ ಊರಲ್ಲಿರಬೇಕು ಅಂತ 1997ರಲ್ಲಿ ಹತ್ತಿದ ಜಗಳ, 2003ರ ಹೊತ್ತಿಗೆ ಹಳ್ಳಿ ಹಳ್ಳಿ ಸುಟ್ಟು ಹೋಗಿ, ಶೆಲ್ ಶೆವ್ರಾನ್ ಕಂಪನಿಗಳು ಜನರನ್ನ ಖಾಲಿ ಮಾಡಿಸಿ, ಒಂದು ಹಂತದಲ್ಲಿ ಇಡೀ ದೇಶದ ಎಣ್ಣೆ ಉತ್ಪಾದನೆಯಲ್ಲಿ 40% ನಿಂತು ಹೋಗಿತ್ತು. ಮೇಲ್ನೋಟಕ್ಕೆ ಪಂಗಡದ ಜಗಳ. ಒಳಗೆ ನೋಡಿದ್ರೆ ತಾಲೂಕು ಆಫೀಸು ಯಾರ ಊರಲ್ಲಿದೆಯೋ ಗುತ್ತಿಗೆ, ನೌಕರಿ, ಎಣ್ಣೆ ಕಂಪನಿ ಕೊಡೋ ಪರಿಹಾರ ಎಲ್ಲ ಅವರ ಕಡೆ.

ಲಂಡನ್ನಲ್ಲಿ ಪೊಲೀಸರ ಕಣ್ಣಿಗೆ ಬಿದ್ದಿದ್ದು 2005ರ ಸುಮಾರಿಗೆ, ಅದೂ ವಿಮಾನದ ದೆಸೆಯಿಂದ. ಬೊಂಬಾರ್ಡಿಯರ್ ಚಾಲೆಂಜರ್ ಜೆಟ್, ಬೆಲೆ 2 ಕೋಟಿ ಡಾಲರ್. ಕೊಳ್ಳೋಕೆ ಹೊರಟಿದ್ದು ಗವರ್ನರ್ ಸಂಬಳದಲ್ಲಿ. ಆ ವ್ಯವಹಾರದ ಬಾಲ ಹಿಡ್ಕೊಂಡು ಹೋದ್ರೆ ಮೇಫೇರ್‌ನಲ್ಲಿ ಆಫೀಸಿಟ್ಟಿದ್ದ ಲಾಯರ್ ಭದ್ರೇಶ್ ಗೋಹಿಲ್ ಸಿಕ್ಕಿದ, ಹೆಸರೇ ಹೇಳತ್ತೆ ಬೇರು ಗುಜರಾತ್ ಕಡೇದು ಅಂತ. ಅವನ ಕಡೆ ಸಿಕ್ಕ ಕಂಪ್ಯೂಟರ್ ಹಾರ್ಡ್ ಡಿಸ್ಕುಗಳಲ್ಲಿ ಕಾಗದದ ಮೇಲಷ್ಟೇ ಇರೋ ಕಂಪನಿಗಳು, ಟ್ರಸ್ಟುಗಳು, ಖಾತೆಗಳು. ಹ್ಯಾಂಪ್‌ಸ್ಟೆಡ್‌ನಲ್ಲಿ 22 ಲಕ್ಷ ಪೌಂಡಿನ ಮನೆ. ಡಾರ್ಸೆಟ್ ಕೌಂಟಿಯ ಶಾಫ್ಟ್ಸ್‌ಬರಿಯಲ್ಲಿ ಇನ್ನೊಂದು, 3,11,000 ಪೌಂಡ್. ಜೊಹಾನ್ಸ್‌ಬರ್ಗ್ ಹತ್ರ ಸ್ಯಾಂಡ್ಟನ್‌ನಲ್ಲಿ 32 ಲಕ್ಷ ಪೌಂಡಿನ ಬಂಗಲೆ. ಗುಂಡು ತಾಗದ ರೇಂಜ್ ರೋವರ್‌ಗಳ ಸಾಲು 6 ಲಕ್ಷ, ಬೆಂಟ್ಲಿ 1,20,000. ಆಮೇಲೆ ಒಂದು ಮರ್ಸಿಡಿಸ್ ಮೇಬ್ಯಾಕ್, 4,07,000 ಯೂರೋ, ಕೊಂಡ ಕೂಡಲೇ ನೇರ ದಕ್ಷಿಣ ಆಫ್ರಿಕಾ ಬಂಗಲೆಗೆ ಹಡಗು ಹತ್ತಿಸಿದ್ದು. ಮಕ್ಕಳು ಇಂಗ್ಲೆಂಡಿನ ದುಬಾರಿ ಬೋರ್ಡಿಂಗ್ ಸ್ಕೂಲಲ್ಲಿ.

ಇನ್ನೊಂದು ವ್ಯವಹಾರ ನಮ್ಮ ಓದುಗರಿಗೆ ಸ್ವಾರಸ್ಯ ಅನ್ನಿಸಬಹುದು. ವಿ-ಮೊಬೈಲ್ ಅಂತ ನೈಜೀರಿಯಾದ ಮೊಬೈಲ್ ಕಂಪನಿ, ಅದರಲ್ಲಿ ಡೆಲ್ಟಾ ಮತ್ತೆ ಅಕ್ವಾ ಇಬೋಮ್ ರಾಜ್ಯ ಸರ್ಕಾರಗಳು ಷೇರು ಇಟ್ಟಿದ್ವು. ಷೇರು ಮಾರುವಾಗ ಮಧ್ಯದಲ್ಲಿ ಸಲಹೆಗಾರರ ಫೀಸು ಅಂತ ತೋರಿಸಿ ಹೊಡೆದ ಹಗರಣದ ಮೊತ್ತ 3.7 ಕೋಟಿ ಡಾಲರ್. ಆ ಕಂಪನಿ ಆಮೇಲೆ ಕೈಯಿಂದ ಕೈಗೆ ಹೋಗಿ, ಹೆಸರು ಬದಲಾಗಿ ಬದಲಾಗಿ, ಈಗ ಅಲ್ಲಿ ಏರ್‌ಟೆಲ್ ಆಗಿ ನಡೀತಿದೆ, ನಮ್ಮ ಏರ್‌ಟೆಲ್ಲೇ.

ನೈಜೀರಿಯಾದಲ್ಲಿ ಇಎಫ್‌ಸಿಸಿ ಅಂತ ಆರ್ಥಿಕ ಅಪರಾಧಗಳ ತನಿಖಾ ಸಂಸ್ಥೆ, ಮುಖ್ಯಸ್ಥ ನುಹು ರಿಬಾದು ಅನ್ನೋ ಪೊಲೀಸ್ ಅಧಿಕಾರಿ. ರಿಬಾದು ಹೇಳೋ ಪ್ರಕಾರ 2007ರಲ್ಲಿ ಕೇಸು ಕೈ ಬಿಡು ಅಂತ ಇಬೋರಿ 1.5 ಕೋಟಿ ಡಾಲರ್ ಕ್ಯಾಷು, ಚೀಲದಲ್ಲಿ ತುಂಬಿ, ಕೊಟ್ಟ. ರಿಬಾದು ಬೇಡ ಅನ್ನಲಿಲ್ಲ. ತಗೊಂಡ. ತಗೊಂಡು ಸೀದಾ ಸೆಂಟ್ರಲ್ ಬ್ಯಾಂಕಿಗೆ ಹಾಕಿಸಿ ಸಾಕ್ಷಿ ಮಾಡಿ ಇಟ್ಟ. ಇಬೋರಿ ನಾನು ಕೊಟ್ಟೇ ಇಲ್ಲ ಅಂದ. ಹಾಗಾಗಿ ಆ ದುಡ್ಡು ವರ್ಷಗಟ್ಟಲೆ ಬ್ಯಾಂಕಲ್ಲಿ ಅಪ್ಪ ಅಮ್ಮ ಇಲ್ಲದ ಮಗು ಥರ ಬಿದ್ದಿತ್ತು. ಕಾನೂನಿನ ಲೆಕ್ಕದಲ್ಲಿ ಇದೊಂದು ವಿಚಿತ್ರ, ನಂದು ಅಂದ್ರೆ ಲಂಚ ಕೊಟ್ಟ ಹಾಗಾಗತ್ತೆ, ನಂದಲ್ಲ ಅಂದ್ರೆ ದುಡ್ಡು ಹೋಗತ್ತೆ.

2007 ಮೇನಲ್ಲಿ ಅವಧಿ ಮುಗೀತು, ಕುರ್ಚಿಗೆ ಸೋದರ ಸಂಬಂಧಿ ಇಮ್ಯಾನುಯೆಲ್ ಉದುಆಘಾನ್ ಬಂದ. 308ನೇ ಕಲಂ ರಕ್ಷಣೆ ಹೋಗಿದ್ದೇ ಡಿಸೆಂಬರ್ 12ಕ್ಕೆ ಇಎಫ್‌ಸಿಸಿ ಅಬುಜಾದಲ್ಲಿ ಇಬೋರಿನ ಅರೆಸ್ಟ್ ಮಾಡಿತು. ಅದಾಗಿ ಎರಡೇ ವಾರಕ್ಕೆ ರಿಬಾದುನ ಒಂದು ವರ್ಷದ ಟ್ರೇನಿಂಗ್ ಕೋರ್ಸಿಗೆ ಹೋಗು ಅಂತ ಮೇಲಿಂದ ಆರ್ಡರು! ಯಾಕೆ ಅಂದ್ರೆ, ಆಗಷ್ಟೇ ಅಧ್ಯಕ್ಷನಾಗಿದ್ದ ಉಮಾರು ಯಾರ್‌ಅದುವಾ ಚುನಾವಣೆಗೆ ದುಡ್ಡು ಸುರಿದವರಲ್ಲಿ ಇಬೋರಿ ದೊಡ್ಡವನು ಅಂತ ದೇಶಕ್ಕೆಲ್ಲ ಗೊತ್ತಿತ್ತು. ರಿಬಾದುಗೆ ರ‍್ಯಾಂಕ್ ಇಳಿಸಿದ್ರು, ಕೆಲಸದಿಂದ ತೆಗೆದ್ರು, ಕೊನೆಗೆ ಅವನು ಜೀವ ಉಳಿಸ್ಕೊಂಡು ವಿದೇಶಕ್ಕೆ ಹೋದ. ಅಟಾರ್ನಿ ಜನರಲ್ ಬ್ರಿಟಿಷ್ ತನಿಖೆಗೆ ಸಹಕಾರ ಕೊಡದೆ ಅಡ್ಡಗಾಲು ಹಾಕ್ತಿದ್ದಾನೆ ಅಂತ ಪೇಪರುಗಳು ಬರೆದೇ ಬರೆದ್ವು. ಆ ಹವಾದಲ್ಲಿ ಬಂದಿದ್ದು ಅಸಾಬಾ ತೀರ್ಪು, ಮೊದಲು ಹೇಳಿದ ಆ 170. ಆ ತೀರ್ಪನ್ನ 2014ರಲ್ಲಿ ನೈಜೀರಿಯಾದ ಬೆನಿನ್ ಸಿಟಿಯ ಅಪೀಲು ಕೋರ್ಟು ರದ್ದು ಮಾಡಿತು, ಆದ್ರೆ ಅಷ್ಟೊತ್ತಿಗೆ ಅವನು ಲಂಡನ್ ಜೈಲಲ್ಲಿ ಇದ್ದ.

ಹೆಂಗೆ ಹೋದ ಅಂದ್ರೆ, ಯಾರ್‌ಅದುವಾ ಕಾಯಿಲೆ ಬಿದ್ದು ಸೌದಿ ಆಸ್ಪತ್ರೆ ಸೇರಿದ, 2010 ಫೆಬ್ರವರಿಗೆ ಉಪಾಧ್ಯಕ್ಷ ಗುಡ್‌ಲಕ್ ಜೊನಾಥನ್ ಕೈಗೆ ಅಧಿಕಾರ ಬಂತು. ಏಪ್ರಿಲಲ್ಲಿ ಪೊಲೀಸರು ಅರೆಸ್ಟ್ ಮಾಡೋಕೆ ಒಘಾರಕ್ಕೆ ಹೋದ್ರೆ, ಊರಿನ ಹುಡುಗರು ಆಯುಧ ಹಿಡ್ಕೊಂಡು ಅಡ್ಡ ನಿಂತು ಪೊಲೀಸರನ್ನ ವಾಪಸ್ ಓಡಿಸಿದ್ರು. ಆ ಗ್ಯಾಪಲ್ಲಿ ಇಬೋರಿ ದುಬೈ ತಲುಪಿದ. ಮೇ ತಿಂಗಳಲ್ಲಿ ದುಬೈ ಪೊಲೀಸರು ಹಿಡಿದು, ಒಂದು ವರ್ಷ ಕೋರ್ಟಲ್ಲಿ ಗುದ್ದಾಡಿ, 2011 ಏಪ್ರಿಲಲ್ಲಿ ಲಂಡನ್ನಿಗೆ ರವಾನೆ. ಅಷ್ಟರಲ್ಲೇ ಅವನ ಹೆಂಡತಿ, ಅಕ್ಕತಂಗಿ ಒಬ್ಬಳು, ಗೆಳತಿ ಮೂವರಿಗೂ ಅಲ್ಲಿ ತಲಾ ಐದು ವರ್ಷ ಶಿಕ್ಷೆ ಆಗಿತ್ತು, ಲಾಯರ್ ಗೋಹಿಲ್‌ಗೂ ಜೈಲು. ಇವನು ವಿಚಾರಣೆ ಶುರುವಾಗೋ ಹೊತ್ತಿಗೆ ಪ್ಲೇಟು ತಿರುಗಿಸಿ ಒಪ್ಕೊಂಡ, ಸುಮಾರು 5 ಕೋಟಿ ಪೌಂಡಿನಷ್ಟು. ಒಟ್ಟು ತಿಂದದ್ದು 25 ಕೋಟಿ ಡಾಲರ್ ಇರಬಹುದು ಅಂತ ಪೊಲೀಸರ ಅಂದಾಜು. 2012 ಏಪ್ರಿಲ್ 17ಕ್ಕೆ 13 ವರ್ಷ ಶಿಕ್ಷೆ.

ಇಲ್ಲಿ ಲಂಡನ್ನಿನವರನ್ನ ನ್ಯಾಯದೇವತೆ ಮಾಡಿ ಕೂರಿಸೋದು ಬೇಡ. ಆ ದುಡ್ಡು ಅಷ್ಟು ವರ್ಷ ಹೋಗಿ ಕೂತಿದ್ದು ಲಂಡನ್ ಬ್ಯಾಂಕುಗಳಲ್ಲಿ, ಮನೆ ಮಾರಿದ್ದು ಲಂಡನ್ ಏಜೆಂಟರು, ಕಾಗದ ಮಾಡಿದ್ದು ಲಂಡನ್ ಲಾಯರು. ಒಬ್ಬ ಆಫ್ರಿಕನ್ ಗವರ್ನರ್ ಇಷ್ಟು ದುಡ್ಡು ಎಲ್ಲಿಂದ ತಂದ ಅಂತ ಕಮಿಷನ್ ಎಣಿಸುವಾಗ ಯಾರಿಗೂ ಅನುಮಾನ ಬರಲಿಲ್ಲವಾ? ಸಾಲದ್ದಕ್ಕೆ, ತನಿಖೆ ಮಾಡಿದ ಪೊಲೀಸರಲ್ಲೇ ಒಬ್ಬ ದುಡ್ಡು ತಗೊಂಡು ಮಾಹಿತಿ ಸೋರಿಸಿದ ಅಂತ ಗೋಹಿಲ್ ಆರೋಪ ಮಾಡಿದ, ಸುಳ್ಳು ಹೇಳ್ತಿದ್ದೀಯ ಅಂತ ಅವನ ಮೇಲೇ ಇನ್ನೊಂದು ಕೇಸು ಹಾಕಿದ್ರು, 2016ರಲ್ಲಿ ಆ ಕೇಸನ್ನ ಪ್ರಾಸಿಕ್ಯೂಷನ್ನೇ ವಾಪಸ್ ತಗೊಂಡು, ಆರೋಪಕ್ಕೆ ಪುಷ್ಟಿ ಕೊಡೋ ದಾಖಲೆ ಇವೆ ಅಂತ ಒಪ್ಕೋಬೇಕಾಯ್ತು. ಆದ್ರೂ ಮೂಲ ಶಿಕ್ಷೆ ಬೀಳಲಿಲ್ಲ, 2018ರಲ್ಲಿ ಗೋಹಿಲ್ದು ಇಬೋರಿದು ಇಬ್ಬರದೂ ಅಪೀಲು ವಜಾ.

ಅರ್ಧ ಶಿಕ್ಷೆ ಮುಗಿಸಿ 2016 ಡಿಸೆಂಬರಲ್ಲಿ ಹೊರಗೆ. ಬಿಡೋ ದಿನ ಬ್ರಿಟಿಷ್ ಗೃಹ ಇಲಾಖೆ ಸುಮ್ಮನಿರದೆ, ಆಸ್ತಿ ಜಪ್ತಿ ಮುಗಿದಿಲ್ಲ ಅಂತ ಹೆಚ್ಚುವರಿ ಒಂದೂಮುಕ್ಕಾಲು ದಿನ ಕೂಡಿ ಹಾಕ್ತು. ಇವನು ಅದಕ್ಕೂ ಕೇಸು ಹಾಕಿ ಗೆದ್ದ. ಹೈಕೋರ್ಟ್ ಜಡ್ಜ್ ಬಾಬಿ ಚೀಮಾ-ಗ್ರಬ್ ಹೌದು, ಇದು ಕಾನೂನುಬಾಹಿರ ಅಂತ ಹೇಳಿ ಪರಿಹಾರ ಕೊಡಿಸಿದ್ರು, ಒಂದು ಪೌಂಡ್. ತೀರ್ಪು ಬರೆಯುವಾಗ ಆಯಮ್ಮ ಒಳಗೊಳಗೇ ನಕ್ಕಿರಬೇಕು ಅಂತ ನನಗೆ ಅನುಮಾನ.

2017 ಫೆಬ್ರವರಿಯಲ್ಲಿ ಒಘಾರಕ್ಕೆ ಬಂದಾಗ ಜನಜಾತ್ರೆ. ಹಾಡು, ಕುಣಿತ, ಚರ್ಚಲ್ಲಿ ಕೃತಜ್ಞತೆ ಪ್ರಾರ್ಥನೆ. ಹೊರಗಿನವರು ಇದನ್ನ ನೋಡಿ ಈ ಜನಕ್ಕೆ ಬುದ್ಧಿ ಇಲ್ಲ ಅಂತ ಬರೆದ್ರು. ನನಗೆ ಹಾಗನ್ನಿಸಲ್ಲ. ಎಣ್ಣೆ ದುಡ್ಡು ಆ ಜನದ ಕಣ್ಣಿಗೆ ಯಾವತ್ತು ಅವರದಾಗಿತ್ತು? ತೆರಿಗೆ ಕಟ್ಟಿ ಕಳಿಸಿದ್ದಲ್ಲ, ಅಬುಜಾದಿಂದ ತಿಂಗಳು ತಿಂಗಳು ಇಳಿದು ಬರೋ ದುಡ್ಡು, ಎಷ್ಟು ಬಂತು ಎಷ್ಟು ಹೋಯ್ತು ಯಾರಿಗೂ ಕಾಣಲ್ಲ. ಮಿಲಿಟರಿಯವರು ತಿಂದ್ರು, ಉತ್ತರದವರು ತಿಂದ್ರು, ಕಂಪನಿಗಳು ತಿಂದ್ವು. ಇವನು ತಿಂದ, ಆದ್ರೆ ಇವನ ಮನೆ ಬಾಗಿಲಿಗೆ ಹೋದ್ರೆ ಮಗಳ ಮದುವೆಗೆ, ಮಗನ ಫೀಸಿಗೆ ಏನಾದ್ರೂ ಸಿಗತ್ತೆ. ತಿಂದ್ರೂ ನಮ್ಮವನು ತಿಂದ, ಅನ್ನೋ ಲೆಕ್ಕ. ಆ ಲೆಕ್ಕ ನನಗೆ ಅರ್ಥ ಆಗತ್ತೆ, ಒಪ್ಪೋಕೆ ಮಾತ್ರ ಆಗಲ್ಲ, ಯಾಕಂದ್ರೆ ಮನೆ ಬಾಗಿಲಲ್ಲಿ ಹಂಚೋ ನೋಟು ಜೆಸ್ಸೆಯ ಬಕೆಟ್ಟಿಗಿಂತ ಜಾಸ್ತಿ ಏನೂ ಅಲ್ಲ.

ದುಡ್ಡು ಯಾರದ್ದು ಅನ್ನೋ ಜಗಳ 2021ರಲ್ಲಿ ಮತ್ತೆ ಬಂತು. ಬ್ರಿಟನ್ ಜಪ್ತಿ ಮಾಡಿದ್ದರಲ್ಲಿ 42 ಲಕ್ಷ ಪೌಂಡ್ ನೈಜೀರಿಯಾಕ್ಕೆ ವಾಪಸ್ ಮಾಡಿತು. ಕೇಂದ್ರ ಸರ್ಕಾರ ಹೇಳಿತು, ಇದನ್ನ ನೈಜರ್ ನದಿಯ ಎರಡನೇ ಸೇತುವೆಗೆ, ಲಾಗೋಸ್-ಇಬಾದಾನ್ ಹೈವೇಗೆ, ಅಬುಜಾ-ಕಾನೊ ರಸ್ತೆಗೆ ಹಾಕ್ತೀವಿ ಅಂತ. ಕಾನೊ ಎಲ್ಲಿ, ಡೆಲ್ಟಾ ಎಲ್ಲಿ! ಕದ್ದಿದ್ದು ನಮ್ಮದು, ಕಟ್ಟೋದು ಬೇರೆಯವರ ರಸ್ತೆನಾ ಅಂತ ಡೆಲ್ಟಾದವರು ರೊಚ್ಚಿಗೆದ್ರು. ತಮಾಷೆ ಅಂದ್ರೆ ಇಬೋರಿ ಮೇಲಿನ ಆರೋಪ ಎಲ್ಲ ಸುಳ್ಳು, ರಾಜ್ಯದ ಒಂದು ನಾಯಿರಾನೂ (ಅಲ್ಲಿನ ರೂಪಾಯಿ) ಕಳುವಾಗಿಲ್ಲ ಅಂತ ಹಿಂದೆ ವಾದಿಸಿದ್ದೂ ಇದೇ ಡೆಲ್ಟಾ ಸರ್ಕಾರದವರೇ. ಕಳುವಾಗದ ದುಡ್ಡು ವಾಪಸ್ ಬರೋದು ಹೇಗೆ ಅಂತ ಯಾರೂ ಜಾಸ್ತಿ ಕೆದಕಲಿಲ್ಲ.

2023 ನೋಡಿ, ಒಂದೇ ವರ್ಷದಲ್ಲಿ ಏನೇನಾಯ್ತು ಅಂತ. ಫೆಬ್ರವರಿ ಚುನಾವಣೆಯಲ್ಲಿ ಇಬೋರಿ ಮಗಳು ಎರ್ಹಿಯಾಟಾಕೆ ಇಬೋರಿ-ಸುಎನು ಎಥಿಯೋಪ್ ಕ್ಷೇತ್ರದಿಂದ ಪಿಡಿಪಿ ಟಿಕೆಟಲ್ಲಿ ಕೇಂದ್ರದ ಕೆಳಮನೆಗೆ ಗೆದ್ದಳು. ಜೂನಲ್ಲಿ ಹೊಸ ಅಧ್ಯಕ್ಷ ಟಿನುಬು ಭೇಟಿಗೆ ಇಬೋರಿ ಅಬುಜಾದ ಅಧ್ಯಕ್ಷರ ವಿಲ್ಲಾಕ್ಕೆ ಹೋಗಿ ಬಂದ. ಅದೇ ಜೂನಲ್ಲಿ ಅದೇ ಟಿನುಬು ರಾಷ್ಟ್ರೀಯ ಭದ್ರತಾ ಸಲಹೆಗಾರನಾಗಿ ನೇಮಿಸಿದ್ದು ಯಾರನ್ನ ಅಂದ್ರೆ ನುಹು ರಿಬಾದುನ. ಜುಲೈನಲ್ಲಿ ಸದರ್ಕ್ ಕೋರ್ಟು ಇಬೋರಿಗೆ 10.15 ಕೋಟಿ ಪೌಂಡ್ ಕಟ್ಟು, ಕಟ್ಟದಿದ್ರೆ ಎಂಟು ವರ್ಷ ಜೈಲು ಅಂತ ಆರ್ಡರ್ ಮಾಡಿತು, ಇವನು ಅಪೀಲು ಹೋಗ್ತೀನಿ ಅಂದ. 2024 ಡಿಸೆಂಬರಲ್ಲಿ ಮಗಳು ಪಿಡಿಪಿ ಬಿಟ್ಟು ಆಡಳಿತ ಪಕ್ಷ ಎಪಿಸಿ ಸೇರಿದಳು, ನಾಲ್ಕು ತಿಂಗಳಿಗೆ ಡೆಲ್ಟಾದ ಈಗಿನ ಗವರ್ನರ್ ಒಬೊರೆವೋರಿ, ಮಾಜಿ ಗವರ್ನರ್ ಒಕೋವಾ, ಅವರ ಹಿಂದೆ ರಾಜ್ಯದ ಪಿಡಿಪಿ ಹೆಚ್ಚುಕಡಿಮೆ ಪೂರ್ತಿ ಗಂಟುಮೂಟೆ ಕಟ್ಟಿಕೊಂಡು ಅದೇ ಕಡೆ ಹೋಯ್ತು.